ಫಿಟ್ ಆಗಿಲ್ಲ ಅನ್ನಬೇಡಿ, ಇಂಚು ಹೇಳಿ

ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ. ಮೊದಲೆಲ್ಲ ಬ್ಲೌಸ್, ಚೂಡಿದಾರ್ ಹೊಲಿಯೋದೇ ಕೆಲಸ ಇತ್ತು, ಈಗ ಅರ್ಧಕ್ಕರ್ಧ ಆಲ್ಟ್ರೇಷನ್. ಆನ್‌ಲೈನ್‌ನಲ್ಲಿ ತರಿಸಿದ ಕುರ್ತಾ ಹಿಡ್ಕೊಂಡು "ಅಕ್ಕಾ, ಒಂಚೂರು ಸಡಿಲ ಮಾಡಿ ಕೊಡಿ" ಅಂತ ಬರ್ತಾರೆ. ಸಡಿಲ ಮಾಡೋಕೆ ಒಳಗೆ ಬಟ್ಟೆ ಬೇಕಲ್ವಾ? ಅಗ್ಗದ ರೆಡಿಮೇಡ್‌ಗಳಲ್ಲಿ ಮಾರ್ಜಿನ್ ಅಂತ ಇರೋದೇ ಇಲ್ಲ, ಅಂಚಿಗೇ ಓವರ್‌ಲಾಕ್ ಹೊಡೆದು ಕೈ ತೊಳ್ಕೊಂಡಿರ್ತಾರೆ. ಹಾಗಾಗಿ ನಾನು ಮೊದಲು ಕೇಳೋದು, ಟ್ಯಾಗ್ ಕಿತ್ತಿದ್ದೀರಾ, ವಾಪಸ್ ಮಾಡೋಕೆ ಇನ್ನೂ ದಿನ ಇದೆಯಾ ಅಂತ. ಒಮ್ಮೆ ಹೊಲಿಗೆ ಬಿಚ್ಚಿದರೆ ಮುಗೀತು, ಆಮೇಲೆ ಯಾರೂ ನಿಮ್ಮ ಮಾತು ಕೇಳೋದಿಲ್ಲ.

ಇದೇ ತಾಪತ್ರಯ ನನಗೂ ಬಂತು. ಚೌತಿಗೆ ಅಂತ ಒಂದು ಕಾಟನ್ ಕುರ್ತಾ ತರಿಸಿದೆ. ಟೈಲರ್ ಆಗಿ ಆನ್‌ಲೈನ್‌ನಲ್ಲಿ ತಗೊಳ್ಳೋದಾ ಅಂತ ಪಕ್ಕದ ಮನೆಯವರು ನಕ್ಕರು, ಆದರೆ ಹಬ್ಬದ ಸೀಸನ್‌ನಲ್ಲಿ ಟೈಲರ್ ತನ್ನ ಬಟ್ಟೆ ಹೊಲ್ಕೊಳ್ಳೋದು ಎಲ್ಲಾದರೂ ಉಂಟಾ! ಎಕ್ಸ್ಎಲ್ ಅಂತ ಬಂದದ್ದು ಕಂಕುಳ ಹತ್ತಿರವೇ ಸಿಕ್ಕಿಹಾಕಿಕೊಂಡಿತು. ವಾಪಸ್ ಕಳಿಸೋಕೆ ಹೋದರೆ ಆ್ಯಪ್‌ನಲ್ಲಿ ಬಂದ ಉತ್ತರ: ಇದು ಸೇಲ್ ಐಟಂ, ಸೈಜ್ ಕಾರಣಕ್ಕೆ ರಿಟರ್ನ್ ಇಲ್ಲ.

ಇಲ್ಲಿ ಕಾನೂನು ಏನು ಹೇಳುತ್ತೆ ಅಂತ ಸರಿಯಾಗಿ ತಿಳ್ಕೊಳ್ಳಬೇಕು, ಯಾಕಂದರೆ ತುಂಬಾ ಜನ ತಪ್ಪು ತಿಳ್ಕೊಂಡಿದ್ದಾರೆ. ಬಣ್ಣ ಹಿಡಿಸಲಿಲ್ಲ, ಮನಸ್ಸು ಬದಲಾಯಿತು, ಮೈಗೆ ಕೂರಲಿಲ್ಲ ಅನ್ನೋದಕ್ಕೆಲ್ಲ ವಾಪಸ್ ತಗೊಳ್ಳಲೇಬೇಕು ಅಂತ ನಮ್ಮಲ್ಲಿ ಕಾನೂನು ಇಲ್ಲ. ಏಳು ದಿನ, ಹದಿನಾಲ್ಕು ದಿನ ಅಂತ ಕೊಡೋದು ಕಂಪನಿಯವರದೇ ನಿಯಮ. ಆದರೆ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾಲಿನಲ್ಲಿ ದೋಷ ಇದ್ದರೆ, ನಕಲಿಯಾದರೆ, ಅಥವಾ ಜಾಹೀರಾತಿನಲ್ಲಿ ತೋರಿಸಿದ ಹಾಗೆ ಇಲ್ಲದಿದ್ದರೆ, ಮಾರಿದವರು ವಾಪಸ್ ತಗೊಳ್ಳೋದಿಲ್ಲ, ದುಡ್ಡು ಕೊಡೋದಿಲ್ಲ ಅನ್ನೋ ಹಾಗಿಲ್ಲ. ಸೇಲ್ ಅಂದ ಮಾತ್ರಕ್ಕೆ ಇದರಿಂದ ತಪ್ಪಿಸಿಕೊಳ್ಳೋಕೆ ಆಗೋದಿಲ್ಲ.

ಅಂದರೆ "ನನಗೆ ಬಿಗಿ ಆಗ್ತಿದೆ" ಅಂದರೆ ಅದು ನನ್ನ ಮೈಯ ವಿಷಯ. "ಎದೆ ಸುತ್ತಳತೆ ನೀವು 44 ಇಂಚು ಅಂದಿರಿ, ಬಂದದ್ದು 41" ಅಂದರೆ ಅದು ಅವರ ಬಟ್ಟೆಯ ವಿಷಯ.

ಹಾಗಾಗಿ ಅಳೆದೆ. ಕುರ್ತಾವನ್ನು ಕಟಿಂಗ್ ಟೇಬಲ್ ಮೇಲೆ ಮಟ್ಟಸವಾಗಿ ಹರಡಬೇಕು, ಬಟನ್ ಎಲ್ಲ ಹಾಕಿರಬೇಕು, ಸುಕ್ಕು ಸವರಬೇಕು, ಎಳೀಬಾರದು. ತೋಳಿನ ಹೊಲಿಗೆಯ ಕೆಳಗೆ, ಒಂದು ಕಂಕುಳಿಂದ ಇನ್ನೊಂದಕ್ಕೆ ಟೇಪ್ ಇಡಬೇಕು. ಇಪ್ಪತ್ತೂವರೆ ಬಂತು, ಡಬಲ್ ಮಾಡಿದರೆ 41. ಟೇಪ್ ಇಟ್ಟ ಹಾಗೇ ಫೋಟೋ ತೆಗೆದೆ, ಅಂಕಿ ಕಾಣೋ ಹಾಗೆ, ಟ್ಯಾಗೂ ಅದೇ ಫೋಟೋದಲ್ಲಿ ಬರೋ ಹಾಗೆ. ಸೈಜ್ ಚಾರ್ಟಿನ ಸ್ಕ್ರೀನ್‌ಶಾಟ್ ಆರ್ಡರ್ ಹಾಕುವಾಗಲೇ ತೆಗೆದಿಟ್ಟಿದ್ದೆ, ಅದರಲ್ಲಿ 44 ಇಂಚು ಅಂತ ಸ್ಪಷ್ಟವಾಗಿತ್ತು.

ಒಂದು ಸೂಕ್ಷ್ಮ ಇದೆ. ಚಾರ್ಟಿನಲ್ಲಿ ಎರಡು ಥರ ಇರುತ್ತೆ, ಮೈ ಅಳತೆ ಮತ್ತು ಬಟ್ಟೆ ಅಳತೆ. ಮೈ ಅಳತೆ 40 ಅಂತ ಬರೆದಿದ್ದರೆ ಬಟ್ಟೆ ಅದಕ್ಕಿಂತ ಎರಡು ಇಂಚಾದರೂ ಜಾಸ್ತಿ ಇರಬೇಕು, ಇಲ್ಲಾಂದ್ರೆ ಉಸಿರಾಡೋದೇ ಕಷ್ಟ. ಯಾವುದು ಅಂತ ನೋಡದೆ ಜಗಳಕ್ಕೆ ಹೋದರೆ ಸೋಲ್ತೀರಿ. ಒಂದು ಬ್ರ್ಯಾಂಡಿನ ಎಂ ಇನ್ನೊಂದರ ಎಲ್ ಆಗಿರೋದೂ ಮಾಮೂಲಿ. ನಮ್ಮ ದೇಶದವರ ಮೈಕಟ್ಟಿಗೆ ತಕ್ಕ ಸೈಜ್ ಪಟ್ಟಿ ಮಾಡಬೇಕು ಅಂತ ಫ್ಯಾಷನ್ ಕಲಿಸೋ ಸರ್ಕಾರಿ ಸಂಸ್ಥೆ ನಿಫ್ಟ್‌ನವರು ಮುಂಬೈ ಸೇರಿ ಆರು ನಗರಗಳಲ್ಲಿ 25,000ಕ್ಕೂ ಜಾಸ್ತಿ ಜನರನ್ನು ಅಳೆಯೋ ಯೋಜನೆ ಹಾಕಿದ್ದೇ ಇದಕ್ಕೆ.

ಮುಂದಿನದು ಸರಳ. ಆ್ಯಪ್‌ನ ಚಾಟ್‌ನಲ್ಲಿ ಗುದ್ದಾಡೋದು ಬಿಟ್ಟು ಕಂಪನಿಯಲ್ಲಿ ದೂರು ನೋಡ್ಕೊಳ್ಳೋ ಗ್ರೀವೆನ್ಸ್ ಆಫೀಸರ್‌ಗೆ ಮೇಲ್ ಮಾಡಿದೆ. ಅವರ ಹೆಸರು, ವಿಳಾಸ ವೆಬ್‌ಸೈಟಿನಲ್ಲಿ ಹಾಕಲೇಬೇಕು, ಸಾಮಾನ್ಯವಾಗಿ ತೀರಾ ಕೆಳಗೆ ಸಣ್ಣ ಅಕ್ಷರದಲ್ಲಿ ಅಡಗಿಸಿಟ್ಟಿರ್ತಾರೆ. ದೂರು ತಲುಪಿದ್ದಕ್ಕೆ 48 ಗಂಟೆಯೊಳಗೆ ಉತ್ತರ, ಒಂದು ತಿಂಗಳೊಳಗೆ ಪರಿಹಾರ ಅಂತ ನಿಯಮ. ಮೇಲ್‌ನಲ್ಲಿ ಹಬ್ಬ, ಬೇಜಾರು ಏನೂ ಬರೀಲಿಲ್ಲ. ಆರ್ಡರ್ ನಂಬರ್, 44, 41, ಫೋಟೋಗಳು, ದುಡ್ಡು ವಾಪಸ್ ಬೇಕು, ಅಷ್ಟೇ. ಜೊತೆಗೆ 1915ಕ್ಕೆ ಫೋನ್ ಮಾಡಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅದು ಕೋರ್ಟ್ ಅಲ್ಲ, ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳ್ತಾರೆ. ಅಷ್ಟಕ್ಕೇ ಕಂಪನಿಯ ಧಾಟಿ ಬದಲಾಯಿತು. ಕೊರಿಯರ್ ಹುಡುಗ ಬಂದು ಕುರ್ತಾ ತಗೊಂಡು ಹೋದ, ದುಡ್ಡು ಖಾತೆಗೆ ಬಂತು. ವೋಚರ್ ಕೊಡ್ತೀವಿ ಅಂದಿದ್ದರು, ನಾನು ಒಪ್ಪಲಿಲ್ಲ.

ಅಷ್ಟಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ, ಡೊಂಬಿವಲಿಯ ನಮಗೆ ಅದು ಥಾಣೆ ಜಿಲ್ಲೆಯದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ಇರೋ ಊರಿನಲ್ಲೇ ಕೇಸ್ ಹಾಕಬಹುದು, ಕಂಪನಿ ಯಾವ ಊರಲ್ಲಾದರೂ ಇರಲಿ. ಮಾಲಿಗೆ ಕೊಟ್ಟ ದುಡ್ಡು ಐದು ಲಕ್ಷದ ತನಕ ಇದ್ದರೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯ ಅಲ್ಲ, ಎರಡು ವರ್ಷದೊಳಗೆ ಹಾಕಬೇಕು. ಎಂಟುನೂರು ರೂಪಾಯಿ ಕುರ್ತಾಕ್ಕೆ ಅಷ್ಟು ಓಡಾಡ್ತೀರಾ ಅನ್ನೋದು ನಿಮಗೆ ಬಿಟ್ಟದ್ದು. ನಾನಾದರೆ ರೇಷ್ಮೆ ಲೆಹೆಂಗಾಕ್ಕೆ ಹೋಗ್ತೀನಿ, ಕುರ್ತಾಕ್ಕೆ ಹೋಗೋದಿಲ್ಲ.

ಕಂಪನಿಯ ನಂಬರ್‌ಗಳನ್ನು ಗೂಗಲ್‌ನಲ್ಲಿ ಹುಡುಕಿ ಸುಮ್ನೆ ಫೋನ್ ಮಾಡಬೇಡಿ. ಕಸ್ಟಮರ್ ಕೇರ್ ಹೆಸರಲ್ಲಿ ಕಳ್ಳರು ಕೂತಿರ್ತಾರೆ, ಒಟಿಪಿ ಕೇಳ್ತಾರೆ. ದುಡ್ಡು ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಹೇಳಬೇಕು.

ಇನ್ನು ಇನ್‌ಸ್ಟಾಗ್ರಾಂನಲ್ಲಿ ಮಾರುವವರು. ಬಿಲ್ ಇಲ್ಲ, ವಿಳಾಸ ಇಲ್ಲ, ಒಂದು ಮೊಬೈಲ್ ನಂಬರ್ ಮಾತ್ರ. ನಿಯಮ ಅವರಿಗೂ ಇದೆ, ಆದರೆ ಹಿಡಿಯೋದು ಯಾರನ್ನ? ಅಂಥ ಕುರ್ತಾ ತಂದರೆ ನಾನು ಕಾನೂನು ಹೇಳೋಕೆ ಹೋಗೋದಿಲ್ಲ. ಎರಡೂ ಬದಿಗೆ ಅದೇ ಬಣ್ಣದ ಪಟ್ಟಿ ಕೊಡ್ತೀನಿ, ಇನ್ನೂರು ರೂಪಾಯಿ ಆಗುತ್ತೆ, ಶನಿವಾರ ಬನ್ನಿ ಅಂತೀನಿ.