ಇಲಿಯ ಮೆದುಳು: ಸ್ಪಷ್ಟ ಸಂಕೇತಕ್ಕೆ ಸ್ಕ್ಯಾನ್‌ಗೂ ಮುಂಚಿನ ಸಿದ್ಧತೆ

ಇಲಿಯ ಮೆದುಳು ತೂಗುವುದು ಸುಮಾರು 2 ಗ್ರಾಂ. ಮುಂಗಾಲನ್ನು ಪ್ರಚೋದಿಸಿದಾಗ, ಮೆದುಳಿನ ಚಟುವಟಿಕೆಯನ್ನು ಚಿತ್ರಿಸುವ ಎಫ್‌ಎಂಆರ್‌ಐ ಯಂತ್ರಕ್ಕೆ ಕಾಣುವ ಬದಲಾವಣೆ ಶೇಕಡಾ ಒಂದೆರಡರಷ್ಟು ಮಾತ್ರ. ಅದು ಗದ್ದಲದಲ್ಲಿ, ಅಂದರೆ ಸಂಕೇತಕ್ಕೆ ಬೆರೆಯುವ ಬೇಡದ ಏರಿಳಿತದಲ್ಲಿ, ಮುಳುಗಿಹೋದರೆ ಯಾವ ಸಾಫ್ಟ್‌ವೇರ್ ಕೂಡ ಪೂರ್ತಿ ಹೊರತೆಗೆಯಲಾರದು. ಹಾಗಾಗಿ ಸ್ಕ್ಯಾನ್ ಶುರುವಾಗುವ ಮೊದಲೇ ಎಚ್ಚರ ವಹಿಸಬೇಕು.

ಮೊದಲು ಸಂಕೇತ ಹಿಡಿಯುವ ಸುರುಳಿಯನ್ನು ತಲೆಗೆ ಆದಷ್ಟು ಹತ್ತಿರ ಕೂರಿಸಿ. ಹಲ್ಲಿನ ಪಟ್ಟಿ ಮತ್ತು ಕಿವಿಕಡ್ಡಿಗಳಿಂದ ತಲೆ ಅಲುಗದಂತೆ ನಿಲ್ಲಿಸಿ. ಆಮೇಲೆ ಕಾಂತಕ್ಷೇತ್ರವನ್ನು ಸಮಗೊಳಿಸಿ. ಅದು ಏರುಪೇರಾಗಿದ್ದರೆ ಚಿತ್ರ ಸೊಟ್ಟಗಾಗುತ್ತದೆ, ಕಿವಿಯ ಗಾಳಿಗೂಡುಗಳ ಬಳಿ ಇದು ಹೆಚ್ಚು.

ಇನ್ನು ಅರಿವಳಿಕೆ. ನನ್ನ ಮಟ್ಟಿಗೆ ಅತ್ಯಂತ ಮುಖ್ಯವಾದ ಹಂತ ಇದೇ. ಯಂತ್ರ ನೇರವಾಗಿ ನರಕೋಶಗಳನ್ನು ನೋಡುವುದಿಲ್ಲ. ಅವುಗಳ ಚಟುವಟಿಕೆಯನ್ನು ಹಿಂಬಾಲಿಸಿ ರಕ್ತದಲ್ಲಾಗುವ ಆಮ್ಲಜನಕದ ಏರಿಳಿತವನ್ನು ನೋಡುತ್ತದೆ. ಜಪಾನಿನ ವಿಜ್ಞಾನಿ ಸೈಜಿ ಒಗಾವ ಮತ್ತು ಸಂಗಡಿಗರು 1990ರಲ್ಲಿ ಈ ತತ್ವವನ್ನು ತೋರಿಸಿಕೊಟ್ಟದ್ದೂ ಇಲಿಗಳ ಮೆದುಳಿನಲ್ಲೇ. ಉಸಿರಿನ ಮೂಲಕ ಕೊಡುವ ಅರಿವಳಿಕೆ ಐಸೋಫ್ಲುರೇನ್ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಪ್ರಮಾಣ ಹೆಚ್ಚಾದರೆ ನಾಳಗಳು ಮೊದಲೇ ಹಿಗ್ಗಿರುತ್ತವೆ, ಪ್ರಚೋದನೆಗೆ ಮತ್ತಷ್ಟು ಹಿಗ್ಗಲು ಜಾಗವೇ ಉಳಿಯುವುದಿಲ್ಲ. ಅದಕ್ಕೇ ಹಲವು ಪ್ರಯೋಗಾಲಯಗಳು ಅತಿ ಕಡಿಮೆ ಐಸೋಫ್ಲುರೇನ್ ಜೊತೆ ಮೆಡೆಟೊಮಿಡಿನ್ ಎಂಬ ಮಂಪರು ತರಿಸುವ ಔಷಧ ಕೊಡುತ್ತವೆ.

ಉಸಿರಾಟ ಮಂದವಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೂ ಇದೇ ಪರಿಣಾಮ. ಎದೆಯ ಕೆಳಗೆ ಒತ್ತಡ ಗ್ರಹಿಸುವ ಪುಟ್ಟ ದಿಂಬು ಇಟ್ಟು ಪರದೆಯ ಮೇಲಿನ ಅಲೆಯನ್ನು ನೋಡುತ್ತಲೇ ಇರಿ. ಅರಿವಳಿಕೆಯಲ್ಲಿರುವ ಇಲಿ ತನ್ನ ಮೈಬಿಸಿ ಕಾಪಾಡಿಕೊಳ್ಳಲಾರದು. ಬಿಸಿನೀರು ಹರಿಯುವ ಹಾಸಿನಿಂದ 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಡಿ. ಕಣ್ಣು ಒಣಗದಂತೆ ಮುಲಾಮು ಹಚ್ಚಿ. ಇದರಿಂದ ಸಂಕೇತ ಹೆಚ್ಚುವುದಿಲ್ಲ, ಆದರೆ ನಮ್ಮ ಕೈಯಲ್ಲಿರುವ ಜೀವಕ್ಕೆ ಇಷ್ಟು ಮಾಡಲೇಬೇಕು.

ಚಿತ್ರದ ಸೂಕ್ಷ್ಮತೆಯ ಆಸೆಗೂ ಮಿತಿಯಿರಲಿ. ಚಿತ್ರವನ್ನು ಕಟ್ಟುವ ಪುಟ್ಟ ಘನ ತುಣುಕಾದ ಘನಕಣದ ಪ್ರತಿ ಬದಿಯನ್ನು ಅರ್ಧಕ್ಕಿಳಿಸಿದರೆ ಅದರ ಗಾತ್ರ ಎಂಟನೇ ಒಂದು ಪಾಲಾಗುತ್ತದೆ, ಸಂಕೇತವೂ ಅಷ್ಟೇ ಕುಗ್ಗುತ್ತದೆ. ಸರಾಸರಿ ತೆಗೆದು ಸರಿದೂಗಿಸಲು ಅದೇ ಚಿತ್ರವನ್ನು 64 ಪಟ್ಟು ಹೆಚ್ಚು ಸಲ ತೆಗೆಯಬೇಕು. ಅಷ್ಟು ಹೊತ್ತು ಇಲಿಯ ಸ್ಥಿತಿ ಒಂದೇ ತೆರನಾಗಿ ಇರುವುದಿಲ್ಲ. ಬಜೆಟ್ ಇದ್ದರೆ ಅತಿಶೀತಲ ಸುರುಳಿ ಕೊಳ್ಳುವುದು ಮೇಲು. ಸುರುಳಿಯ ಶಾಖದಿಂದ ಹುಟ್ಟುವ ಗದ್ದಲ ಅದರಲ್ಲಿ ಬಹಳ ಕಡಿಮೆ.

ಇಷ್ಟಾದರೂ ಸಂಕೇತ ತೂಗಾಡುತ್ತಿದ್ದರೆ, ಇಲಿಯ ಬದಲು ಅಗರ್ ಎಂಬ ಲೋಳೆಯಂಥ ಪದಾರ್ಥ ತುಂಬಿದ ಕೊಳವೆಯೊಂದನ್ನು ಅದೇ ಕ್ರಮದಲ್ಲಿ ಸ್ಕ್ಯಾನ್ ಮಾಡಿ. ಅಲ್ಲೂ ತೂಗಾಟ ಕಂಡರೆ ದೋಷ ಯಂತ್ರದ್ದು, ಎಂಜಿನಿಯರ್‌ಗೆ ಹೇಳಿ ಕಳುಹಿಸಿ. ಕೊಳವೆಯ ಚಿತ್ರ ಸ್ಥಿರವಾಗಿದ್ದರೆ ಉಸಿರು, ತಾಪ, ಅರಿವಳಿಕೆಯ ದಾಖಲೆಗಳನ್ನು ಮತ್ತೊಮ್ಮೆ ಮೊದಲಿನಿಂದ ನೋಡಿ.