ಮಗಳು ಕೆನಡಾಕ್ಕೆ ಬರಲ್ಲ ಅಂದರೂ ಅರ್ಜಿಯಲ್ಲಿ ಅವಳ ಹೆಸರಿರಲಿ
ನೀವು ಮೈಸೂರಿನಿಂದ ಕೆನಡಾದ ಪಿಆರ್‌ಗೆ (ಅಲ್ಲಿ ಕಾಯಂ ಆಗಿ ನೆಲೆಸುವ ಅನುಮತಿಗೆ) ಅರ್ಜಿ ಹಾಕುತ್ತಿದ್ದೀರಿ, ಮಂಡ್ಯದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮಗಳು "ನಾನು ಬರಲ್ಲ, ನೀವು ಹೋಗಿ" ಅಂತಿದ್ದಾಳೆ ಅಂದುಕೊಳ್ಳಿ. ಹಾಗಂತ ಫಾರ್ಮಿನಲ್ಲಿ ಅವಳ ಹೆಸರು ಬಿಡಬೇಡಿ, ದಯವಿಟ್ಟು.

22 ವರ್ಷ ತುಂಬದ, ಮದುವೆಯಾಗದ ಮಕ್ಕಳು ಅಲ್ಲಿನ ಕಾನೂನಿನಲ್ಲಿ ಅವಲಂಬಿತರು. ಜೊತೆಗೆ ಬರುತ್ತಾರಾ ಅನ್ನೋ ಪ್ರಶ್ನೆಗೆ 'ಇಲ್ಲ' ಅಂತ ಬರೆಯಿರಿ, ಅಷ್ಟೇ. ಆದರೆ ಬರದಿದ್ದರೂ ಮೆಡಿಕಲ್ ತಪಾಸಣೆ ಆಗಲೇಬೇಕು. ಮನೆ ಹತ್ತಿರದ ಡಾಕ್ಟರ್ ಸರ್ಟಿಫಿಕೇಟ್ ನಡೆಯಲ್ಲ, ಕೆನಡಾ ಸರ್ಕಾರ ಒಪ್ಪಿದ ವೈದ್ಯರ ಹತ್ತಿರವೇ ಹೋಗಬೇಕು, ಬೆಂಗಳೂರಿನಲ್ಲಿ ಇದ್ದಾರೆ. 18 ದಾಟಿದ್ದರೆ ಪೊಲೀಸ್ ಕ್ಲಿಯರೆನ್ಸ್ ಕೂಡ ಬೇಕು. ಅದಕ್ಕೆ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ಹಾಕಿ.

ಇಷ್ಟೆಲ್ಲಾ ಯಾಕೆ ಅಂದರೆ, ಈಗ ಹೆಸರು ಮುಚ್ಚಿಟ್ಟರೆ ಅಥವಾ ತಪಾಸಣೆ ಬಿಟ್ಟರೆ, ಮುಂದೆ ಅವಳು ಮನಸ್ಸು ಬದಲಾಯಿಸಿದಾಗ ನೀವು ಸ್ಪಾನ್ಸರ್ ಮಾಡಿ, ಅಂದರೆ ಜವಾಬ್ದಾರಿ ಹೊತ್ತು ಕರೆಸಿಕೊಳ್ಳೋ ದಾರಿಯೇ ಸಾಮಾನ್ಯವಾಗಿ ಮುಚ್ಚಿಹೋಗುತ್ತದೆ. ಇಪ್ಪತ್ತರ ವಯಸ್ಸಿನ ಹಟ ಕೊನೆವರೆಗೂ ಇರುತ್ತೆ ಅಂತ ಏನಿಲ್ಲ, ಅಲ್ವಾ? ಆದರೆ ಆಮೇಲೆ ಸ್ಪಾನ್ಸರ್ ಮಾಡುವಾಗಲೂ ವಯಸ್ಸಿನ ಮಿತಿ ಇದ್ದೇ ಇರುತ್ತೆ, ಅದನ್ನೂ ಅವಳಿಗೆ ಈಗಲೇ ಹೇಳಿ.

ಅಲ್ಲಿ ನೆಲೆಸೋಕೆ ನಿಮ್ಮ ಹತ್ತಿರ ಇದೆ ಅಂತ ತೋರಿಸಬೇಕಾದ ಹಣದ ಲೆಕ್ಕದಲ್ಲೂ, ಜೊತೆಗೆ ಬರದ ಮಗಳು ಕುಟುಂಬದ ಸದಸ್ಯಳೇ. ಇನ್ನೊಂದು, ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು ಇರೋದು ನಮ್ಮಲ್ಲಿ ಜಾಸ್ತಿ. ಫಾರ್ಮಿನಲ್ಲಿ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಬರೆಯಿರಿ.