ಹಾಳೆ ತಟ್ಟೆ ಕಳಿಸೋರು ತೂಕ ಅಲ್ಲ, ಪೆಟ್ಟಿಗೆ ಅಳೀರಿ

ನಮ್ದು ಬದಿಯಡ್ಕ ಹತ್ರ ಸಣ್ಣ ಅಡಿಕೆ ಹಾಳೆ ತಟ್ಟೆ ಯುನಿಟ್, ಮೊದ್ಲು ಆರ್ಡರ್ ಬಂದ ಕೂಡ್ಲೆ ಕೊರಿಯರಿಗೆ ಹಾಕಿ ಲಾಭ ಎಲ್ಲ ಬಾಡಿಗೆಗೇ ಹೋಗ್ತಿತ್ತು ಮಾರ್ರೆ. ಕೊರಿಯರಿನವ್ರು ಉದ್ದ ಅಗಲ ಎತ್ತರ ಸೆಂಟಿಮೀಟರಲ್ಲಿ ಗುಣಿಸಿ ಹೆಚ್ಚಾಗಿ 5000ದಿಂದ ಭಾಗಿಸ್ತಾರೆ, ಬಂದದ್ದು ನಿಜ ತೂಕಕ್ಕಿಂತ ಜಾಸ್ತಿಯಾದ್ರೆ ಅದನ್ನೇ ಕಿಲೊ ಅಂತ ಹಿಡೀತಾರೆ, 60×50×50 ಪೆಟ್ಟಿಗೆ 14 ಕಿಲೊ ತೂಗಿದ್ರೂ ಬಿಲ್ಲು 30 ಕಿಲೊಗೆ! ಈಗ ಸ್ಯಾಂಪಲ್ ಮಾತ್ರ ಕೊರಿಯರ್. ವಿದೇಶದ ದೊಡ್ಡ ಆರ್ಡರಿಗೆ ಹಡಗೇ ಅಗ್ಗ, ಹಗುರ ಮಾಲಿಗೆ ಅಲ್ಲಿ ಘನ ಮೀಟರ್ ಲೆಕ್ಕ, ವಾರಗಟ್ಟಲೆ ಕಾಯ್ಬೇಕು ಅಷ್ಟೆ, ಮತ್ತೆ ತಟ್ಟೆ ಸರೀ ಒಣಗಿರ್ಲಿ, ಕಂಟೇನರೊಳಗೆ ಬೂಷ್ಟು ಹಿಡಿದ್ರೆ ಮುಗೀತು. ಬೆಂಗ್ಳೂರಿಗೆ ಪಾರ್ಟ್ ಲೋಡ್ ಲಾರಿ (ಬೇರೆಯವ್ರ ಮಾಲಿನ ಒಟ್ಟಿಗೆ ಹೋಗೂದು) ಸಾಕು, ಆದ್ರೆ ಜೂನಿಗೆ ಮೊದ್ಲೇ ಅಲ್ಲಿ ಸ್ವಲ್ಪ ಸ್ಟಾಕ್ ಇಡಿ, ಮಳೆಗೆ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದ್ರೆ ಲಾರಿ ಯಾವಾಗ ಮುಟ್ತದೆ ಅಂತ ಡ್ರೈವರಿಗೂ ಗೊತ್ತಿರೂದಿಲ್ಲ.